ಕಾಗದವಿಲ್ಲದ ಖೋಲಿಯಿಂದ ಕಾಗದವಿಲ್ಲದ ಗುಂಟೆಗೆ

(ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದ ಕನ್ನಡಿಗರ ಭಾನುವಾರದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ. ಆಡುವಾಗ ಬಿಟ್ಟುಹೋದ ಒಂದೆರಡು ವಿವರ ಸೇರಿಸಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ ಕಡೆಯವರೇ ಹೆಚ್ಚು. ಭೋಸರಿಯ ವರ್ಕ್‌ಶಾಪುಗಳಲ್ಲಿ ದುಡಿಯುವವರು, ಚಾಕಣದ ಕಂಪನಿಗಳಲ್ಲಿ ಗುತ್ತಿಗೆ ಮೇಲೆ ಇರುವವರು, ಸೆಂಟ್ರಿಂಗ್ ಮತ್ತು ಗಾರೆ ಕೆಲಸದವರು, ಹಿಂಜವಡಿಗೆ ಹೋಗಿಬರುವ ಹುಡುಗರು, ಹೀಗೆ ಎಲ್ಲರೂ ಇದ್ದೀರಿ. ನಾನು ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿದ್ದು ನಿವೃತ್ತಳಾದವಳು. ಸಾಲ ಕೇಳಲು ಬಂದವರ ಕಾಗದಪತ್ರ ಓದುವುದೇ ನನ್ನ ಕೆಲಸವಾಗಿತ್ತು.

ನಮ್ಮ ಕಡೆಯವರ ಫೈಲು ಬಿಚ್ಚಿದರೆ ಮತ್ತೆ ಮತ್ತೆ ಕಾಣುತ್ತಿದ್ದ ಸಂಗತಿ ಒಂದೇ. ವರ್ಷಗಟ್ಟಲೆ ಬಾಯಿಮಾತಿನ ಮೇಲೆ ಒಂದು ಖೋಲಿಯಲ್ಲಿ ಬಾಡಿಗೆಗಿರುವುದು. ಮಕ್ಕಳು ದೊಡ್ಡವರಾದ ಮೇಲೆ ಇನ್ನು ಸಾಕು ಎನ್ನಿಸಿ, ಊರಿನ ಹೊಲ ಮಾರಿ, ನೋಟರಿ ಮಾಡಿಸಿದ ಸ್ಟಾಂಪ್ ಪೇಪರಿನ ಮೇಲೆ ಅರ್ಧ ಗುಂಟೆ ಜಾಗ ಕೊಳ್ಳುವುದು. ಮನೆ ಕಟ್ಟಲು ಹಣ ಸಾಲದೆ ಬ್ಯಾಂಕಿಗೆ ಬರುವುದು. ಆ ಕಾಗದದ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಬಾಡಿಗೆಗಿದ್ದಾಗ ಕಾಗದ ಕೇಳುವ ರೂಢಿ ಇಲ್ಲದವರಿಗೆ ಕೊಳ್ಳುವಾಗಲೂ ಬಾಯಿ ಬರುವುದಿಲ್ಲ, ಇದು ನಾನು ಕಂಡದ್ದು. ಅದಕ್ಕೇ ಇವತ್ತು ಕೊಳ್ಳುವ ಮಾತಿಗೂ ಮೊದಲು ಬಾಡಿಗೆಯ ಮಾತನ್ನು ಎತ್ತಿಕೊಳ್ಳುತ್ತೇನೆ.

ಈ ಊರು ಹೀಗೇಕಾಯಿತು ಅನ್ನುವುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಶುರುವಾದದ್ದು 1954ರಲ್ಲಿ. 1962ರಲ್ಲಿ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ ಹುಟ್ಟಿತು. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್), ಬಜಾಜ್ ಬಂದವು, ಅವುಗಳ ಬೆನ್ನಿಗೆ ಬಿಡಿಭಾಗ ಮಾಡುವ ಸಣ್ಣ ಶೆಡ್‌ಗಳು ಎದ್ದವು. ದುಡಿಯುವವರಿಗೆ ಮನೆ ಬೇಕು ಎಂದು ಸರ್ಕಾರ ಪಿಂಪ್ರಿ-ಚಿಂಚವಾಡ ನವನಗರ ಅಭಿವೃದ್ಧಿ ಪ್ರಾಧಿಕಾರ ಮಾಡಿದ್ದು 1972ರಲ್ಲಿ. ನಿಗಡಿಯ ಅಚ್ಚುಕಟ್ಟಾದ ಸೆಕ್ಟರುಗಳನ್ನು ನಾವೆಲ್ಲ ಪ್ರಾಧಿಕರಣ ಎಂದೇ ಕರೆಯುವುದು ಆ ಕಾರಣಕ್ಕೆ. ಆದರೆ ಪ್ರಾಧಿಕರಣದ ಸೈಟುಗಳಿಗಿಂತ ಬಹಳ ಬೇಗ ಜನ ಬಂದರು. ರೈತರ ಜಮೀನು ವಶವಾಯಿತು, ಪರಿಹಾರದ ತಕರಾರು ದಶಕಗಟ್ಟಲೆ ಎಳೆಯಿತು, ಈ ನಡುವೆ ಅದೇ ಜಮೀನು ಗುಂಟೆ ಗುಂಟೆಯಾಗಿ ಕೈಬದಲಾಯಿತು. 2021ರಲ್ಲಿ ಪ್ರಾಧಿಕಾರವನ್ನೇ ಮುಚ್ಚಿ ಅದರ ಪಾಲನ್ನು ಪಾಲಿಕೆಗೂ ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಪಿಎಂಆರ್‌ಡಿಎಗೂ ಹಂಚಿದರು. ಕಾರ್ಖಾನೆ ಮೊದಲು ಬಂತು, ಕಾರ್ಮಿಕನ ಮನೆಯ ಯೋಚನೆ ಬಹಳ ತಡವಾಗಿ ಬಂತು. ಅನಧಿಕೃತ ಮನೆ ಕಟ್ಟಿದವನನ್ನೇ ಕಳ್ಳನ ಹಾಗೆ ನೋಡುವವರು ಈ ಇತಿಹಾಸವನ್ನು ಮರೆಯಬಾರದು.

ಈಗ ಬಾಡಿಗೆ. ನಮ್ಮ ರಾಜ್ಯದಲ್ಲಿ ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡ ಎಂಬ ಮಾತನ್ನು ಕೇಳಿಕೊಂಡೇ ನಾವು ಬೆಳೆದಿದ್ದೇವೆ. ಅದೇ ತಿಳಿವಳಿಕೆ ಹೊತ್ತು ಇಲ್ಲಿಗೆ ಬರುತ್ತೇವೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಇಲ್ಲಿ ನಡೆಯುವುದು ಲೀವ್ ಅಂಡ್ ಲೈಸೆನ್ಸ್ ಕರಾರು, ಅಂದರೆ ಇಷ್ಟು ಅವಧಿ ಮನೆಯಲ್ಲಿರಲು ಮಾಲೀಕ ಕೊಡುವ ಅನುಮತಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಅದು ಬರಹದಲ್ಲಿರಬೇಕು ಮತ್ತು ನೋಂದಣಿಯಾಗಬೇಕು. ಹನ್ನೊಂದು ತಿಂಗಳಿರಲಿ, ಮೂರು ವರ್ಷವಿರಲಿ, ವಿನಾಯಿತಿ ಇಲ್ಲ. ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಷ್ಟೇ ಅಲ್ಲ, ನಾಳೆ ಜಗಳವಾದರೆ, ಬೇರೆ ಪುರಾವೆ ಇಲ್ಲದಿದ್ದಲ್ಲಿ ಬಾಡಿಗೆಗಿದ್ದವರು ಹೇಳಿದ ಷರತ್ತೇ ನಿಲ್ಲುತ್ತದೆ. ನೋಟರಿಯ ಠಸ್ಸೆ ಹಾಕಿಸಿದ ಸ್ಟಾಂಪ್ ಪೇಪರು ನೋಂದಣಿಯಲ್ಲ. ಏಜೆಂಟರು ‘ಅಗ್ರಿಮೆಂಟ್ ಆಗಿದೆ’ ಎಂದು ಕೈಗೆ ಕೊಡುವುದು ಎಷ್ಟೋ ಸಲ ಇದನ್ನೇ.

ಖರ್ಚಿಗೆ ಹೆದರುವವರು ಬಹಳ ಜನ. ಲೆಕ್ಕ ಹಾಕೋಣ. ಬಾಡಿಗೆ ತಿಂಗಳಿಗೆ 9000, ಡಿಪಾಸಿಟ್ 30,000, ಅವಧಿ 11 ತಿಂಗಳು ಅಂತಿಟ್ಟುಕೊಳ್ಳಿ. ಒಟ್ಟು ಬಾಡಿಗೆ 99,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿ ಎಂದು ಹಿಡಿದರೆ 2750. ಎರಡೂ ಸೇರಿ 1,01,750. ಮುದ್ರಾಂಕ ಶುಲ್ಕ ಇದರ ಮೇಲೆ ಶೇ. 0.25, ಅಂದರೆ 300 ರೂಪಾಯಿಯ ಒಳಗೆ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1000, ಗ್ರಾಮೀಣ ಭಾಗದಲ್ಲಿ 500. ಮನೆಗೇ ಬಂದು ಹೆಬ್ಬೆಟ್ಟು, ಫೋಟೊ ತೆಗೆದುಕೊಂಡು ಆನ್‌ಲೈನ್ ನೋಂದಣಿ ಮಾಡಿಕೊಡುವವರು ತಮ್ಮ ಕೂಲಿಯನ್ನು ಬೇರೆ ತೆಗೆದುಕೊಳ್ಳುತ್ತಾರೆ. ಏಜೆಂಟನಿಗೆ ಒಂದು ತಿಂಗಳ ಬಾಡಿಗೆಯನ್ನು ದಲಾಲಿ ಎಂದು ಕೊಡಲು ಒಪ್ಪುವವರು ಈ ಖರ್ಚಿಗೆ ಹಿಂದೆಮುಂದೆ ನೋಡುವುದು ನನಗೆ ಬಹಳ ಬೇಸರದ ವಿಷಯ.

‘ಮಾಲೀಕರು ಒಪ್ಪೋದೇ ಇಲ್ಲ ಅಕ್ಕಾ’ ಅನ್ನುತ್ತೀರಿ. ಗೊತ್ತು. ಕೆಲವರಿಗೆ ಬಾಡಿಗೆಯ ಆದಾಯ ತೋರಿಸುವ ಮನಸ್ಸಿಲ್ಲ. ಕೆಲವರ ಕಟ್ಟಡಕ್ಕೇ ಪರವಾನಗಿ ಇಲ್ಲ. ಇನ್ನು ಕೆಲವರಿಗೆ ಕಾಗದ ಕೊಟ್ಟರೆ ಬಾಡಿಗೆಯವರು ಮನೆಯ ಮೇಲೆ ಹಕ್ಕು ಹೂಡುತ್ತಾರೆ ಎಂಬ ಭಯ. ಈ ಮೂರನೆಯವರ ಹತ್ತಿರ ಮಾತಾಡಿದರೆ ಕೆಲಸವಾಗುತ್ತದೆ, ಯಾಕೆಂದರೆ ಅವರ ಭಯ ತಲೆಕೆಳಗಾಗಿದೆ. ಕರಾರಿನ ಅವಧಿ ಮುಗಿದ ಮೇಲೂ ಮನೆ ಬಿಡದವರನ್ನು ಬೇಗ ಬಿಡಿಸುವ ದಾರಿ ಅದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ಅವಧಿ ಮೀರಿ ಕೂತರೆ ದುಪ್ಪಟ್ಟು ಹಣ ತೆರಬೇಕು. ಲಿಖಿತ ಕರಾರಿದ್ದರೆ ಮನೆ ಬಿಡಿಸುವ ಅರ್ಜಿ ಕೇಳುವ ಅಧಿಕಾರಿಯ ಮುಂದೆ ಅದೇ ಸಾಕ್ಷ್ಯ. ಅಂದರೆ ಕಾಗದ ಮಾಲೀಕನನ್ನೂ ಕಾಯುತ್ತದೆ. ಅದನ್ನು ಅವರ ಭಾಷೆಯಲ್ಲಿ, ಮರ್ಯಾದೆಯಿಂದ ಹೇಳಿ: ‘ಕಾಕಾ, ಕರಾರನಾಮಾ ರಜಿಸ್ಟರ್ ಕರೂಯಾ, ತುಮ್ಹಾಲಾಪಣ್ ಚಾಂಗಲಂ ಆಹೇ’ (ಕರಾರು ನೋಂದಣಿ ಮಾಡಿಸೋಣ, ನಿಮಗೂ ಒಳ್ಳೆಯದು). ಶುಲ್ಕದಲ್ಲಿ ಅರ್ಧ ನಾವು ಕೊಡುತ್ತೇವೆ ಎಂದರೆ ಇನ್ನೂ ಒಳ್ಳೆಯದು.

ಈ ಕಾಗದ ಯಾಕೆ ಇಷ್ಟು ಮುಖ್ಯ? ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯ ಶೇ. 25ರ ಸೀಟು ಕೇಳುವಾಗ ಬಾಡಿಗೆ ಮನೆಯವರು ವಿಳಾಸಕ್ಕೆ ಕರಾರು ತೋರಿಸುವುದಾದರೆ ಅದು ನೋಂದಣಿಯಾದದ್ದೇ ಆಗಿರಬೇಕು. ನೋಟರಿ ಕಾಗದ ಅಲ್ಲಿ ನಡೆಯುವುದಿಲ್ಲ. ಅರ್ಜಿಯ ತಾರೀಖು ಹತ್ತಿರ ಬಂದಾಗ ಓಡಾಡಿದರೆ ಪ್ರಯೋಜನವೂ ಇಲ್ಲ. ಪಡಿತರ ಚೀಟಿ, ಗ್ಯಾಸು, ಮತದಾರರ ಪಟ್ಟಿ, ಬ್ಯಾಂಕ್ ಖಾತೆ, ಎಲ್ಲದಕ್ಕೂ ಇದು ಬುನಾದಿ. ಇಷ್ಟು ವರ್ಷ ಈ ಊರಿನ ಯಂತ್ರ ತಿರುಗಿಸಿದವರು, ಈ ಊರಿನ ಕಟ್ಟಡ ಎಬ್ಬಿಸಿದವರು, ತಾವು ಇಲ್ಲಿ ಬದುಕಿದ್ದೆವು ಎನ್ನುವುದಕ್ಕೆ ಒಂದು ಹಾಳೆ ತೋರಿಸಲಾಗದೆ ಕೌಂಟರಿನ ಮುಂದೆ ನಿಲ್ಲುವುದನ್ನು ನಾನು ಕಂಡಿದ್ದೇನೆ. ಅದು ನನ್ನಿಂದ ಸಹಿಸಲಾಗದ ನೋಟ.

ಕರಾರಿನಲ್ಲಿ ಏನು ಬರೆಸಬೇಕು? ಮನೆ ಬಿಡಲು ಎಷ್ಟು ದಿನದ ಮುನ್ಸೂಚನೆ, ಡಿಪಾಸಿಟ್ ಎಂದು ಮರಳಿ ಬರುತ್ತದೆ, ಬಣ್ಣಕ್ಕೆಂದು ಹಣ ಹಿಡಿಯುತ್ತಾರೆಯೇ, ನೀರಿನ ಮತ್ತು ಮೇಂಟೆನೆನ್ಸ್ ಹಣ ಯಾರದು, ಇವು ಸ್ಪಷ್ಟವಿರಲಿ. ಕೀಲಿ ಕೊಟ್ಟ ದಿನವೇ ಡಿಪಾಸಿಟ್ ವಾಪಸು ಎಂದು ಬರೆಸಿ. ಡಿಪಾಸಿಟನ್ನು ನಗದಾಗಿ ಕೊಡಬೇಡಿ. ಒಳಗೆ ಹೋಗುವ ದಿನ ಲೈಟ್ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಸೊಸೈಟಿಯ ಫ್ಲ್ಯಾಟ್ ಆದರೆ ಬಾಡಿಗೆಗೆ ಕೊಟ್ಟದ್ದಕ್ಕೆಂದು ಹೆಚ್ಚುವರಿ ಶುಲ್ಕ ಕೇಳುತ್ತಾರೆ. ಅದು ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು 2001ರಲ್ಲೇ ಸರ್ಕಾರ ಆದೇಶ ಮಾಡಿದೆ, ಮತ್ತು ಅದನ್ನು ಕೊಡಬೇಕಾದವರು ಫ್ಲ್ಯಾಟಿನ ಮಾಲೀಕರು.

ಯಾವ ಬಡಾವಣೆ ಅನ್ನುವುದಕ್ಕೆ ನನ್ನ ಬಳಿ ಒಂದೇ ಉತ್ತರವಿಲ್ಲ. ಚಾಕಣಕ್ಕೆ ರೈಲಿಲ್ಲ. ಮೋಶಿ, ಚಿಖಲಿ, ತಳವಡೆಯಿಂದ ಹೋಗುವವರು ರಸ್ತೆಯನ್ನೇ ನಂಬಬೇಕು, ಆ ರಸ್ತೆಯ ಟ್ರಾಫಿಕ್ಕು ನಿಮಗೆ ಗೊತ್ತೇ ಇದೆ. ಹಾಗಾಗಿ ಮೊದಲು ಕಂಪನಿ ಬಸ್ಸು ನಿಲ್ಲುವ ಜಾಗಗಳನ್ನು ಕೇಳಿಕೊಂಡು, ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಮನೆ ಹುಡುಕಿ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಐನೂರು ರೂಪಾಯಿ ಕಡಿಮೆ ಬಾಡಿಗೆಗಿಂತ ಅದು ದೊಡ್ಡದು. ಲೋಣಾವಳ ಲೋಕಲ್ ಮೇಲೆ ಓಡಾಡುವವರಿಗೆ ಆಕುರ್ಡಿ, ಚಿಂಚವಾಡ, ತಳೇಗಾವ್ ಇವೆ. ಮೆಟ್ರೊ ಪಿಂಪ್ರಿಯಿಂದ ಸ್ವಾರಗೇಟ್‌ವರೆಗೆ 2024ರ ಸೆಪ್ಟೆಂಬರಿನಿಂದ ಓಡುತ್ತಿದೆ. ಇನ್ನು ನೀರು. ಪಾಲಿಕೆ 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ತಂದಿತು. ಮನೆ ನೋಡಲು ಹೋದಾಗ ಗೋಡೆಯ ಬಣ್ಣ ನೋಡುವ ಬದಲು ಕೆಳಗಿನ ಟಾಕಿ ಎಷ್ಟು ದೊಡ್ಡದು, ಪಾಲಿಕೆಯ ನಳ ಇದೆಯೋ ಬರೀ ಬೋರೋ, ಟ್ಯಾಂಕರಿನ ಹಣ ಯಾರು ಕೊಡುತ್ತಾರೆ ಎಂದು ಅಕ್ಕಪಕ್ಕದ ಹೆಂಗಸರನ್ನು ಕೇಳಿ. ಏಜೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ.

ಇನ್ನು ಗುಂಟೆಯ ಮಾತು. ಇದನ್ನೇ ಹೇಳಬೇಕೆಂದು ಬಂದವಳು ನಾನು.

ಒಂದು ಗುಂಟೆ ಎಂದರೆ 1089 ಚದರ ಅಡಿ, ಊರಲ್ಲೂ ಇಲ್ಲೂ ಅಷ್ಟೇ. ಭಾನುವಾರ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಚಹಾ ಕುಡಿಸುತ್ತಾರೆ. ಸುಣ್ಣದ ಗೆರೆ ಎಳೆದ ಹೊಲ ತೋರಿಸುತ್ತಾರೆ. ‘ನಿಮ್ಮೂರಿನವರೇ ಪಕ್ಕದಲ್ಲಿ ತಗೊಂಡಿದ್ದಾರೆ’ ಎನ್ನುತ್ತಾರೆ. ಆ ಮಾತಿಗೆ ನಾವು ಕರಗಿಬಿಡುತ್ತೇವೆ. ಪಕ್ಕದಲ್ಲಿ ಕೊಂಡವರೂ ಕಾಗದ ನೋಡಿರುವುದಿಲ್ಲ, ಇನ್ನೊಬ್ಬರು ಕೊಂಡದ್ದನ್ನೇ ನೋಡಿರುತ್ತಾರೆ. ಮುಂಗಡ ಕೊಟ್ಟ ಮೇಲೆ ಕೈಗೆ ಬರುವುದು ನೋಟರಿ ಮಾಡಿದ ಸಾಠೇಖತ, ಜೊತೆಗೊಂದು ಕುಲಮುಖತ್ಯಾರ ಪತ್ರ. ಮೊದಲನೆಯದು ಮುಂದೆ ಮಾರುತ್ತೇನೆ ಎಂಬ ಒಪ್ಪಂದ, ಎರಡನೆಯದು ಪರವಾಗಿ ನಡೆದುಕೊಳ್ಳುವ ಅಧಿಕಾರ. ಇವೆರಡೂ ಜಮೀನನ್ನು ನಿಮ್ಮದಾಗಿ ಮಾಡುವುದಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ: ನೋಂದಣಿಯಾದ ಕ್ರಯಪತ್ರದಿಂದ ಮಾತ್ರ ಒಡೆತನ ಬದಲಾಗುತ್ತದೆ.

ಜಮೀನಿನ ಹಕ್ಕಿನ ದಾಖಲೆಯಾದ ಸಾತ್‌ಬಾರಾ (7/12) ಉತಾರ ಕೇಳಿ. ವಿಜಯಪುರ, ಬೆಳಗಾವಿ ಕಡೆಯವರಿಗೆ ಉತಾರ ಹೊಸದಲ್ಲ, ಓದುವ ಬಗೆ ಗೊತ್ತಿದ್ದರೆ ಸಾಕು. ಏಳನೇ ನಮೂನೆಯಲ್ಲಿ ಒಡೆತನ, ಹನ್ನೆರಡರಲ್ಲಿ ಬೆಳೆ. ಮಾರುವವನ ಹೆಸರೊಂದೇ ಇದೆಯೋ, ಅಣ್ಣತಮ್ಮಂದಿರು ಅಕ್ಕತಂಗಿಯರ ಹೆಸರೂ ಇವೆಯೋ ನೋಡಿ. ತಂಗಿಯ ಸಹಿ ಇಲ್ಲದ ಮಾರಾಟ ಹತ್ತು ವರ್ಷದ ಮೇಲೂ ಕೋರ್ಟಿಗೆ ಬರುತ್ತದೆ. ‘ಇತರ ಹಕ್ಕು’ ಅಂಕಣವನ್ನು ಯಾರೂ ಓದುವುದಿಲ್ಲ, ಸಾಲದ ಬೋಜಾ, ಕುಳದ (ಗೇಣಿದಾರನ) ಹಕ್ಕು, ಸರ್ಕಾರದ ನಿರ್ಬಂಧ ಎಲ್ಲ ಅಡಗಿರುವುದು ಅಲ್ಲೇ. ಫೇರಫಾರಿನ ನಕಲು ತೆಗೆಸಿ, ಹೆಸರು ಹೇಗೆ ಬದಲಾಗುತ್ತ ಬಂತು ಎನ್ನುವುದು ಅದರಲ್ಲಿ ಸಿಗುತ್ತದೆ. ಉತಾರ ಆನ್‌ಲೈನಿನಲ್ಲೇ ಸಿಗುತ್ತದೆ, ಏಜೆಂಟ್ ಕೊಟ್ಟ ಝೆರಾಕ್ಸ್ ನಂಬುವ ಅಗತ್ಯ ಇಲ್ಲ. ಸಾಗುವಳಿ ಜಮೀನನ್ನು ತುಂಡು ಮಾಡಿ ಮಾರುವುದಕ್ಕೆ 1947ರ ತುಕಡೇಬಂದಿ ಕಾಯ್ದೆಯ ಅಡ್ಡಿ ಇದೆ. ಅದರಲ್ಲಿ ಕಾಲಕಾಲಕ್ಕೆ ಬದಲಾವಣೆ ಆಗಿವೆ, ಹಾಗಾಗಿ ನಿಮ್ಮ ತುಂಡಿಗೆ ಇಂದು ಯಾವ ನಿಯಮ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಕೇಳಿ. ‘ನೋಂದಣಿ ಈಗ ಬಂದ್ ಇದೆ, ಆಮೇಲೆ ಮಾಡ್ಕೊಡ್ತೀವಿ’ ಎಂದರೆ, ಆ ಆಮೇಲೆ ಬಂದ ದಿನವೇ ಹಣ ಕೊಡಿ.

ಒಬ್ಬರು ಪಾಲಿಕೆಯ ತೆರಿಗೆ ರಸೀದಿ, ಲೈಟ್ ಬಿಲ್ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಹಿಡಿದು ಬಂದಿದ್ದರು. ‘ಸರ್ಕಾರವೇ ಟ್ಯಾಕ್ಸ್ ತಗೋತದ ಮ್ಯಾಡಮ್, ಅಂದಮ್ಯಾಲ ಮನಿ ನಂದೇ ಅಲ್ಲೇನ್ರೀ?’ ಎಂದು ಕೇಳಿದರು. ಅಲ್ಲ. ಅನಧಿಕೃತ ಕಟ್ಟಡದಿಂದಲೂ ಪಾಲಿಕೆ ತೆರಿಗೆ ವಸೂಲು ಮಾಡುತ್ತದೆ. ಅದರ ಮೇಲೆ ದುಪ್ಪಟ್ಟು ಶಾಸ್ತಿ ಕರ ಬೇರೆ ಹಾಕುತ್ತಿತ್ತು. 2023ರಲ್ಲಿ ಸರ್ಕಾರ ಶಾಸ್ತಿ ಕರವನ್ನು ಮನ್ನಾ ಮಾಡಿದಾಗ ಮನೆಗಳೇ ಸಕ್ರಮವಾದವು ಎಂದು ಎಷ್ಟೋ ಜನ ತಿಳಿದರು. ಮನ್ನಾ ಆದದ್ದು ದಂಡ ಮಾತ್ರ. ಸಕ್ರಮ ಮಾಡಿಸಲು, ಗುಂಟೆ ಲೆಕ್ಕದಲ್ಲಿ ಅನಧಿಕೃತವಾಗಿ ಹಂಚಿಹೋದ ಜಾಗಗಳಿಗೆಂದೇ ಇರುವ ಗುಂಠೇವಾರಿ ಕಾಯ್ದೆಯಡಿ ಬೇರೆಯೇ ಅರ್ಜಿ, ಬೇರೆಯೇ ಶುಲ್ಕ. 2020ರ ಡಿಸೆಂಬರ್ 31ರೊಳಗೆ ಆದವಕ್ಕೆ ಮಾತ್ರ ಅದು ಅನ್ವಯ, ಮತ್ತು ನದಿಯ ಪೂರರೇಖೆ, ಮೀಸಲು ಜಾಗದಂಥವು ಅದರೊಳಗೆ ಬರುವುದಿಲ್ಲ.

ಪೂರರೇಖೆಯ ಬಗ್ಗೆ ಬಿಡಿಸಿ ಹೇಳುತ್ತೇನೆ. ನೀಲಿ ರೇಖೆ ಎಂದರೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವಂಥ ಮಹಾಪೂರ ಮುಟ್ಟುವ ಜಾಗ, ಕೆಂಪು ರೇಖೆ ನೂರು ವರ್ಷಕ್ಕೊಮ್ಮೆಯದು. ನೀಲಿ ರೇಖೆ ಮತ್ತು ನದಿಯ ನಡುವೆ ಮನೆ ಕಟ್ಟುವಂತಿಲ್ಲ. ಚಿಖಲಿಯಲ್ಲಿ ಇಂದ್ರಾಯಣಿಯ ನೀಲಿ ರೇಖೆಯೊಳಗೆ ಕಟ್ಟಿದ್ದ 36 ಬಂಗಲೆಗಳನ್ನು 2025ರ ಮೇ ತಿಂಗಳಲ್ಲಿ ಪಾಲಿಕೆ ಕೆಡವಿತು. ಹಸಿರು ನ್ಯಾಯಮಂಡಳಿಯ ಆದೇಶ ಸುಪ್ರೀಂ ಕೋರ್ಟಿನಲ್ಲೂ ನಿಂತಿತ್ತು. ಜೆಸಿಬಿಯ ಮುಂದೆ ಅತ್ತವರು ಮನೆ ಕೊಂಡವರು, ಪ್ಲಾಟ್ ಹಾಕಿ ಮಾರಿದವರಲ್ಲ. ಹೊಲದಲ್ಲಿ ನಿಂತಾಗ ಬೇಸಿಗೆಯ ನದಿ ದೂರ ಕಾಣುತ್ತದೆ. ಪಾಲಿಕೆಯ ವಿಕಾಸ ಯೋಜನೆಯ ನಕಾಶೆಯಲ್ಲಿ ಗಟ್ ನಂಬರ್ (ಜಮೀನಿನ ಸರ್ವೆ ನಂಬರಿನಂಥದು) ಹಾಕಿ ನೋಡಿ, ರಸ್ತೆಗೋ ಶಾಲೆಗೋ ಮೀಸಲಿಟ್ಟ ಜಾಗವಾಗಿದ್ದರೂ ಅದರಲ್ಲೇ ಗೊತ್ತಾಗುತ್ತದೆ.

ಮತ್ತೊಂದು ರೇಖೆ ರೆಡ್ ಝೋನಿನದು. ದೇಹುರೋಡಿನ ಮದ್ದುಗುಂಡಿನ ಡಿಪೊ ಸುತ್ತ 2000 ಗಜದವರೆಗೆ, 1903ರ ರಕ್ಷಣಾ ಕಾಮಗಾರಿ ಕಾಯ್ದೆಯಡಿ ಕಟ್ಟಡಕ್ಕೆ ನಿರ್ಬಂಧವಿದೆ. ನಿಗಡಿ, ತಳವಡೆ, ರೂಪೀನಗರದ ಭಾಗಗಳು ಇದರಲ್ಲಿ ಬರುತ್ತವೆ. ದಿಘಿಯ ಕಡೆ ಇನ್ನೊಂದು ಡಿಪೊ ಇದೆ, ಭೋಸರಿಯ ಕೆಲ ಭಾಗಕ್ಕೆ ಅದರ ನಿರ್ಬಂಧ. ಅಲ್ಲಿ ಸಾವಿರಾರು ಸಂಸಾರಗಳಿವೆ, ಅವರ ಮಧ್ಯೆ ನಮ್ಮವರೂ ಇದ್ದಾರೆ. ಇದ್ದವರಿಗೆ ನ್ಯಾಯ ಸಿಗಬೇಕು, ಅದು ಬೇರೆ ಮಾತು. ಹೊಸದಾಗಿ ಕೊಳ್ಳುವವರು ‘ಇಷ್ಟು ಸೋವಿ ಯಾಕೆ’ ಎಂದು ಕೇಳಿಕೊಳ್ಳಬೇಕು. ಬ್ಯಾಂಕು ಸಾಲ ಕೊಡುವುದಿಲ್ಲ ಎಂದಾಗ ಸಿಟ್ಟಾಗಬೇಡಿ, ಯಾಕೆ ಕೊಡುವುದಿಲ್ಲ ಎಂದು ಕೇಳಿ ತಿಳಿದುಕೊಳ್ಳಿ. ವಕೀಲರು ಹಣ ತೆಗೆದುಕೊಂಡು ಹೇಳುವುದನ್ನು ಆ ನಿರಾಕರಣೆ ಪುಕ್ಕಟೆ ಹೇಳುತ್ತದೆ.

ಫ್ಲ್ಯಾಟ್ ಕೊಳ್ಳುವವರಿಗೆ ಕಾನೂನಿನ ಆಸರೆ ಹೆಚ್ಚು. ಬಿಲ್ಡರುಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರ ಮಹಾರೇರಾ 2017ರ ಮೇ 1ರಿಂದ ನಡೆಯುತ್ತಿದೆ. ಬಿಲ್ಡರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವ ಮೊದಲು ಒಪ್ಪಂದವನ್ನು ನೋಂದಣಿ ಮಾಡಿಸಲೇಬೇಕು. ಬೆಲೆಯನ್ನು ಕಾರ್ಪೆಟ್ ಏರಿಯಾದ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗದ ಮೇಲೆ ಕೇಳಿ. ಸ್ವಾಧೀನದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ರಿಪೇರಿ ಅವರದೇ. 500 ಚದರ ಮೀಟರ್ ಜಾಗ ಅಥವಾ ಎಂಟು ಫ್ಲ್ಯಾಟಿನೊಳಗಿನ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ನಮ್ಮವರು ಕೊಳ್ಳುವ ಸಣ್ಣ ಬಿಲ್ಡಿಂಗುಗಳು ಬಹಳ ಸಲ ಇಂಥವೇ, ಅಲ್ಲಿ ಭೋಗವಟಾ ಪ್ರಮಾಣಪತ್ರ (ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ) ಇಲ್ಲದೆ ಒಳಗೆ ಹೋಗಬೇಡಿ. ಪ್ರಾಧಿಕರಣದ ಮನೆಗಳು 99 ವರ್ಷದ ಲೀಜಿಗೆ ಕೊಟ್ಟ ಜಮೀನಿನ ಮೇಲಿವೆ, ಹಸ್ತಾಂತರದ ಅನುಮತಿ, ಶುಲ್ಕ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ. ಇಲ್ಲಿ ಮುದ್ರಾಂಕ ಶುಲ್ಕ ಶೇ. 7, ಹೆಂಗಸರ ಹೆಸರಿನಲ್ಲಷ್ಟೇ ಕೊಂಡರೆ ಶೇ. 6. ಮೂವತ್ತು ಲಕ್ಷದ ಮನೆಗೆ 30,000 ಉಳಿಯುತ್ತದೆ. ಗಂಡಹೆಂಡಿರ ಜಂಟಿ ಹೆಸರಿಗೆ ಈ ರಿಯಾಯಿತಿ ಇಲ್ಲ. ಉಳಿತಾಯಕ್ಕಾಗಿಯಾದರೂ ಮನೆ ಅಕ್ಕನ ಹೆಸರಿಗಾದರೆ ನನಗೆ ಬಹಳ ಸಂತೋಷ.

ಮಾತು ಮುಗಿದ ಮೇಲೆ ಒಬ್ಬ ತಂಗಿ ಎದ್ದು, ‘ನಮ್ಮಂಥೋರಿಗೆ ಮ್ಹಾಡಾ ಲಾಟರಿ, ಪ್ರಧಾನಮಂತ್ರಿ ಆವಾಸ ಮನೆ ಸಿಗಂಗಿಲ್ಲೇನ್ರೀ?’ ಎಂದು ಕೇಳಿದಳು. ಮ್ಹಾಡಾ ಅಂದರೆ ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರ. ಸಿಗಬಹುದು. ಆವಾಸ ಯೋಜನೆಗೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು, ಇವರ ಹೆಸರಿನಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು. ಊರಿನ ಮನೆ ಅಪ್ಪನ ಹೆಸರಿನಲ್ಲಿದ್ದರೆ ತೊಡಕಿಲ್ಲ, ನಿಮ್ಮ ಹೆಸರಿಗೆ ಹಚ್ಚಿದ್ದರೆ ಅರ್ಜಿ ಬೀಳುತ್ತದೆ. ಮ್ಹಾಡಾಕ್ಕೆ ಮಹಾರಾಷ್ಟ್ರದ ಡೊಮಿಸೈಲ್ (ಕಾಯಂ ವಾಸದ ಪ್ರಮಾಣಪತ್ರ) ಬೇಕು, ಅದಕ್ಕೆ ಇಲ್ಲಿ ಹದಿನೈದು ವರ್ಷ ವಾಸವಿದ್ದ ಪುರಾವೆ ಬೇಕು. ಆಕೆ ಇಲ್ಲಿಗೆ ಬಂದು ಅದಕ್ಕೂ ಹೆಚ್ಚು ವರ್ಷಗಳಾಗಿವೆ, ಆದರೆ ಒಂದು ಕರಾರೂ ಇಲ್ಲ. ಮಕ್ಕಳ ಶಾಲೆಯ ದಾಖಲೆ, ಹಳೆಯ ಪಡಿತರ ಚೀಟಿ, ಲಸಿಕೆಯ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಗಂಡನ ಪಿಎಫ್ ಚೀಟಿ, ವಿಳಾಸ ಇರುವುದೆಲ್ಲವನ್ನೂ ವರ್ಷದ ಪ್ರಕಾರ ಜೋಡಿಸಿಕೊಂಡು ಬಾ ಎಂದಿದ್ದೇನೆ. ಎಲ್ಲಿ ಖಾಲಿ ಬೀಳುತ್ತದೋ ನೋಡಿ ಅದಕ್ಕೇನು ಮಾಡಬಹುದೆಂದು ತಹಶೀಲ್ ಕಚೇರಿಯ ಸೇತು ಕೇಂದ್ರದಲ್ಲಿ ಕೇಳೋಣ. ಈಗಿನ ಮಾಲೀಕರ ಜೊತೆ ಮಾತಾಡಲು ಇದೇ ವಾರ ನಾನೂ ಅವಳ ಜೊತೆ ಹೋಗುತ್ತೇನೆ. ಹೀಗೆ ಮಾಲೀಕರ ಹತ್ತಿರ ಮಾತಾಡಿಸಬೇಕಾದ ಬೇರೆಯವರಿದ್ದರೆ ಹೆಸರು ಬರೆಸಿ ಹೋಗಿ ಎಂದು ಸಭೆಯಲ್ಲಿ ಹೇಳಿದ್ದೆ. ಬರೆಸಿದವರೆಲ್ಲ ಮುಂದಿನ ಭಾನುವಾರ ತಮ್ಮಲ್ಲಿರುವ ಕಾಗದ ತರಬೇಕು, ಅರ್ಧಂಬರ್ಧ ಇದ್ದರೂ ಸರಿ.